ಹೂವು ಮುಗಿದ ಮೇಲಿನ ಹೊಲ

“ಸೂರ್ಯಕಾಂತಿ ಮುಗ್ದೋಯ್ತು ಕನಿ ಸಾ. ಈಗ ಬಂದು ಏನ್ ನೋಡಿರಿ?”

ದಸರಾ ರಜೆಗೆ ಎರಡು ವಾರ ಇರುವಾಗ ಫೋನಿನ ಆ ತುದಿಯಿಂದ ಬಂದ ಮಾತು ಇದು. ಕೋಣೆ ಖಾಲಿ ಇದೆಯೇ ಎಂದು ಕೇಳಿದವನಿಗೆ ಬಾಡಿಗೆ ಹೇಳುವ ಮೊದಲೇ ಹೊಲದಲ್ಲಿ ಹೂವಿಲ್ಲ ಎಂದು ಹೇಳಿದರಲ್ಲ, ಅದಕ್ಕೇ ನಾನು ಒಪ್ಪಿಬಿಟ್ಟೆ. ಗುಂಡ್ಲುಪೇಟೆಯಿಂದ ಹಂಗಳದ ಕಡೆ ಹೋಗುವಾಗ ಹೆದ್ದಾರಿ ಬಿಟ್ಟು ಒಳಕ್ಕೆ ಸರಿದರೆ ಸಿಗುವ ಊರು. ಆರು ಎಕರೆ ಜಮೀನು, ಹೆಂಚಿನ ಮನೆ, ಮನೆಗೆ ಅಂಟಿಕೊಂಡಂತೆ ಅತಿಥಿಗಳಿಗೆಂದು ಕಟ್ಟಿಸಿದ ಎರಡು ಕೋಣೆ, ಎರಡು ಹಸು, ಒಂದಷ್ಟು ಕೋಳಿ. ನಾವು ಹೋದದ್ದು ಐದು ಜನ: ನಾನು, ಹೆಂಡತಿ, ಹನ್ನೊಂದರ ಮಗಳು, ಏಳರ ಮಗ, ಎಪ್ಪತ್ತು ದಾಟಿದ ನನ್ನ ಅಮ್ಮ. ಇದ್ದದ್ದು ಮೂರು ರಾತ್ರಿ.

ಗುಂಡ್ಲುಪೇಟೆ ಎಂದರೆ ಈಗ ಬಹಳ ಜನರ ಕಣ್ಣಿಗೆ ಕಟ್ಟುವುದು ಹಳದಿ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ರಸ್ತೆಯ ಎರಡೂ ಬದಿ ಸೂರ್ಯಕಾಂತಿ, ನಡುನಡುವೆ ಚೆಂಡು ಹೂವಿನ ಕಿತ್ತಳೆ ಪಟ್ಟಿ. ಕೇರಳದ ನೋಂದಣಿಯ ಕಾರುಗಳು ಸಾಲುಗಟ್ಟಿ ನಿಲ್ಲುತ್ತವೆ. ಒಳಗೆ ಹೋಗಿ ಫೋಟೊ ತೆಗೆಸಿಕೊಳ್ಳುವವರಿಂದ ಕೆಲವು ರೈತರು ತಲೆಗಿಷ್ಟು ಎಂದು ಹಣ ಪಡೆಯುತ್ತಾರೆ. ಅದು ತಪ್ಪೆಂದು ನನಗೆ ಅನ್ನಿಸಿಲ್ಲ. ತುಳಿತಕ್ಕೆ ಸಿಕ್ಕಿ ಮುರಿದ ಗಿಡ ಕಾಳು ಕಟ್ಟುವುದಿಲ್ಲ. ಆ ನಷ್ಟವನ್ನು ಯಾರಾದರೂ ತುಂಬಿಕೊಡಬೇಕು.

ಈ ಹಳದಿ ಈ ಮಣ್ಣಿಗೆ ಹಳೆಯದೂ ಅಲ್ಲ. ಉತ್ತರ ಅಮೆರಿಕದಲ್ಲಿ ಹುಟ್ಟಿ ರಷ್ಯಾದಲ್ಲಿ ಎಣ್ಣೆಕಾಳಾಗಿ ಬೆಳೆದ ಸೂರ್ಯಕಾಂತಿಯ ತಳಿಗಳು ಬೇಸಾಯಕ್ಕೆಂದು ಭಾರತಕ್ಕೆ ಬಂದದ್ದು 1969ರಲ್ಲಿ, ಸೋವಿಯತ್ ಒಕ್ಕೂಟದಿಂದ. ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬಿಡುಗಡೆಯಾದದ್ದು 1980ರಲ್ಲಿ, ನಮ್ಮದೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ. ನನ್ನ ಅಮ್ಮ ಮದುವೆಯಾಗಿ ಬರುವಾಗ ಈ ದಾರಿಯಲ್ಲಿ ಇಷ್ಟು ಹಳದಿ ಇರಲಿಲ್ಲ.

ಗಿಡ ಇಲ್ಲಿ ನೆಲೆಯೂರಿದ್ದಕ್ಕೆ ಕಾರಣ ಮಳೆಯ ಲೆಕ್ಕ. ಘಟ್ಟ ಮತ್ತು ನೀಲಗಿರಿ ಅಡ್ಡ ನಿಂತು ಮುಂಗಾರಿನ ದೊಡ್ಡ ಮಳೆಯನ್ನು ಆಚೆಯೇ ಇಳಿಸಿಕೊಳ್ಳುತ್ತವೆ. ಗುಂಡ್ಲುಪೇಟೆಗೆ ಸಿಗುವುದು ಎರಡು ತುಂಡು ಮಳೆ: ಏಪ್ರಿಲ್–ಮೇ ತಿಂಗಳ ಗುಡುಗಿನ ಮಳೆ ಒಂದು, ಸೆಪ್ಟೆಂಬರ್–ಅಕ್ಟೋಬರಿನದು ಇನ್ನೊಂದು. ಮೊದಲ ತುಂಡಿಗೆ ಬಿತ್ತಿ, ಮೂರು ತಿಂಗಳ ಆಸುಪಾಸಿನಲ್ಲಿ ಕೊಯ್ದು, ಎರಡನೆಯ ತುಂಡಿಗೆ ಹೊಲ ಖಾಲಿ ಮಾಡಿಕೊಡುವ ಬೆಳೆ ಬೇಕಿತ್ತು. ಸೂರ್ಯಕಾಂತಿ ಆ ಅಳತೆಗೆ ಸರಿಯಾಗಿ ಕೂತಿತು. ಪ್ರವಾಸಿಗರು ನೋಡಿ ಹೋಗುವುದು ಬೇಸಾಯದ ವರ್ಷದ ಮೊದಲರ್ಧವನ್ನು. ಹೊಟ್ಟೆಯ ಬೆಳೆ ಇರುವುದು ಎರಡನೆಯ ಅರ್ಧದಲ್ಲಿ. ನಾವು ಹೋದದ್ದು ಆ ಕಾಲಕ್ಕೆ.

ಇಂಥ ಜಾಗ ಹುಡುಕಿಕೊಂಡು ಹೋಗಲು ನಮಗೊಂದು ಹಿಂದಿನ ಪಾಠವಿತ್ತು. ಎರಡು ವರ್ಷದ ಕೆಳಗೆ ಬೇರೊಂದು ಜಿಲ್ಲೆಯಲ್ಲಿ ‘ಫಾರ್ಮ್’ ಎಂಬ ಹೆಸರು ನಂಬಿ ಹೋಗಿದ್ದೆವು. ಹುಲ್ಲುಹಾಸು, ಈಜುಕೊಳ, ಗೋಡೆಗೆ ತೂಗುಹಾಕಿದ ನೇಗಿಲು, ಫೋಟೊಗೆಂದು ನಿಲ್ಲಿಸಿದ ಎತ್ತಿನಗಾಡಿ. ಎತ್ತು ಎಲ್ಲಿ ಎಂದು ಮಗ ಕೇಳಿದ. ಅಲ್ಲಿದ್ದ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಬೇಸಾಯ ಮಾಡುವವರನ್ನು ಅಲ್ಲಿಂದ ಕಳಿಸಿಯೇ ಆ ‘ಹಳ್ಳಿ’ಯನ್ನು ಕಟ್ಟಿದ್ದರು. ಮರಳುವ ದಾರಿಯಲ್ಲಿ ಅಮ್ಮ ಸುಮ್ಮನಿದ್ದಳು. ಅವಳ ತವರಿನ ಜಮೀನು ಮಾರಿ ಬಹಳ ವರ್ಷವಾಗಿದೆ. ನಮ್ಮ ತಲೆಮಾರಿಗೆ ಏಪ್ರಿಲ್ ಬಂದರೆ ಅಜ್ಜಿ ಊರು ಎಂಬುದೊಂದು ಇತ್ತು. ನನ್ನ ಮಕ್ಕಳಿಗೆ ಇಲ್ಲ. ದುಡ್ಡು ಕೊಟ್ಟಾದರೂ ಅದರ ಒಂದು ತುಣುಕು ಸಿಗುತ್ತದೆಯೇ ಎಂಬ ಆಸೆ ನನ್ನದು.

ಮೈಸೂರಿನಿಂದ ಗುಂಡ್ಲುಪೇಟೆ ಸುಮಾರು 60 ಕಿಲೋಮೀಟರ್. ನಂಜನಗೂಡು ದಾಟಿ, ಬೇಗೂರು ದಾಟಿ ಊರು ಸೇರಿದರೆ ಅಲ್ಲಿಂದ ದಾರಿ ಕವಲೊಡೆಯುತ್ತದೆ: ಒಂದು ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಮೂಲೆಹೊಳೆಯ ಮೂಲಕ ವಯನಾಡಿಗೆ. ಎರಡೂ ಕಾಡಿನೊಳಗೇ ಹಾಯುವುದರಿಂದ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ತಡೆ. ಕೇರಳದ ತರಕಾರಿ ಲಾರಿಗಳು ಈ ಗಂಟೆಗಳ ಲೆಕ್ಕ ಹಾಕಿಯೇ ತೆರಕಣಾಂಬಿಯ ಮಾರುಕಟ್ಟೆಯಿಂದ ಹೊರಡಬೇಕು. ಓಣಂ ಹಬ್ಬದ ಊಟಕ್ಕೆ ಬೇಕಾದ ತರಕಾರಿಯಲ್ಲಿ ಈ ತಾಲ್ಲೂಕಿನ ಪಾಲು ದೊಡ್ಡದು. ವಯನಾಡಿನವರು ಹೂವು ನೋಡಲು ಬರುವ ಮೊದಲೇ ಈ ಹೊಲಗಳ ಗಿರಾಕಿಗಳಾಗಿದ್ದರು.

ನಾವು ತಲುಪಿದಾಗ ಯಜಮಾನರು ಮನೆಯಲ್ಲಿರಲಿಲ್ಲ. ಸಣ್ಣ ಈರುಳ್ಳಿ ಕೀಳಿಸುತ್ತಿದ್ದರು. ಅವರ ತಾಯಿ ಜಗಲಿಯ ಮೇಲಿಂದಲೇ ಕರೆದರು: “ಬನ್ನಿ ಬನ್ನಿ, ಅಟ್ಟಿ ಒಳಕ್ಕ ಬನ್ನಿ. ಮೊಗ ಬಿಸ್ಲಲ್ಲಿ ನಿಂತದ.” ಈ ಸೀಮೆಯಲ್ಲಿ ಹಟ್ಟಿ ಎಂದರೆ ಮನೆ. ಹಕಾರ ಬಾಯಿಂದ ಜಾರಿ ಅಟ್ಟಿಯಾಗುತ್ತದೆ. ಮಗು ಮೊಗವಾಗುತ್ತದೆ. ನನ್ನ ಮಗನಿಗೆ ಆ ‘ಮೊಗ’ ಬಹಳ ಹಿಡಿಸಿತು. ಮೂರು ದಿನ ಬೇರೆ ಹೆಸರಿಗೆ ಓಗೊಡಲಿಲ್ಲ. ಜಗಲಿಯಲ್ಲಿದ್ದ ಕುರ್ಚಿ ಲಂಟಾನ ಕಡ್ಡಿಯದು. ಬಂಡೀಪುರದ ನೆಲವನ್ನು ಮುಚ್ಚಿ, ಹುಲ್ಲು ಬೆಳೆಯಲು ಬಿಡದ ಆ ಪೊದೆಯ ಕಾಂಡವನ್ನು ಬೇಯಿಸಿ, ಬಗ್ಗಿಸಿ ಪೀಠೋಪಕರಣ ಮಾಡುವ ಕೆಲಸವನ್ನು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಲಿತಿದ್ದಾರೆ. ಕುರ್ಚಿ ಹಗುರ, ಗಟ್ಟಿ. ಅಮ್ಮ ಅದನ್ನು ಮೂರು ದಿನವೂ ಯಾರಿಗೂ ಬಿಟ್ಟುಕೊಡಲಿಲ್ಲ.

ಅಮ್ಮನಿಗೆ ಆ ಮನೆ ತೆರೆದುಕೊಂಡದ್ದು ಅಡುಗೆಮನೆಯಿಂದ. ಮರುದಿನ ಬೆಳಿಗ್ಗೆ ಯಜಮಾನರ ತಾಯಿ ಮಡಿಲಿಗೆ ಸೆರಗು ಸಿಕ್ಕಿಸಿಕೊಂಡು ರಾಗಿ ಹೊಲಕ್ಕೆ ಹೊರಟರು. “ಸೊಪ್ಪು ಕುಯ್ಕ ಬತ್ತೀನಿ” ಎಂದರು. ಅಮ್ಮ ಹಿಂದೆಯೇ ಹೊರಟಳು, ಅವಳ ಹಿಂದೆ ನನ್ನ ಮಗಳು. ರಾಗಿ ಆಗ ತೆನೆ ಹೊರಟ ಹದದಲ್ಲಿತ್ತು. ಬರೀ ರಾಗಿಯಲ್ಲ. ಆರೇಳು ಸಾಲು ರಾಗಿಗೆ ಒಂದು ಸಾಲು ಬೇರೆ: ಅವರೆ, ತೊಗರಿ, ಅಲಸಂದೆ, ಬದುವಿನ ಕಡೆಗೆ ಹುಚ್ಚೆಳ್ಳು, ಅಲ್ಲಲ್ಲಿ ಸಾಸಿವೆ. ಇದನ್ನು ಅಕ್ಕಡಿ ಎನ್ನುತ್ತಾರೆ. ಮಳೆ ಕೈಕೊಟ್ಟು ರಾಗಿ ಜೊಳ್ಳಾದರೂ ಬೇರು ಆಳಕ್ಕಿಳಿಸುವ ತೊಗರಿ ನಿಲ್ಲುತ್ತದೆ. ಅವರೆ, ಅಲಸಂದೆಯ ಬೇರುಗಂಟಿನ ಜೀವಾಣುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಹಿಡಿದುಕೊಡುತ್ತವೆ. ಹುಚ್ಚೆಳ್ಳಿನ ಹಳದಿ ಹೂವು ಜೇನುನೊಣವನ್ನು ಕರೆಯುತ್ತದೆ. ಮುದ್ದೆ, ಸಾರಿನ ಕಾಳು, ಒಗ್ಗರಣೆಯ ಸಾಸಿವೆ, ಚಟ್ನಿಗೆ ಹುಚ್ಚೆಳ್ಳು. ಒಂದು ಮನೆಯ ಊಟವನ್ನೇ ಸಾಲು ಹೊಡೆದು ಬಿತ್ತಿದ ಹಾಗೆ ಅದು. ಸೂರ್ಯಕಾಂತಿ ಹೊಲದಲ್ಲಿ ಮೂವತ್ತು ಫೋಟೊ ತೆಗೆಯಬಹುದು. ಅಕ್ಕಡಿ ಹೊಲದಲ್ಲಿ ಮೂವತ್ತು ಪ್ರಶ್ನೆ ಕೇಳಬಹುದು, ಮತ್ತು ನನ್ನ ಮಗಳು ಕೇಳಿದಳು.

ರಾಗಿಯೂ ಮೂಲದಲ್ಲಿ ಆಫ್ರಿಕದ್ದು ಎಂದಾಗ ಆ ಹಿರಿಯರು ನಂಬಲಿಲ್ಲ. ಆದರೆ ಅವರ ಯೌವನದಲ್ಲಿ ಈ ಕಡೆ ಹರಡಿದ ‘ಇಂಡಾಫ್’ ರಾಗಿ ನೆನಪಿತ್ತು. ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ, ಎರಡು ನೆಲದ ಹೆಸರನ್ನೂ ಸೇರಿಸಿ ಆ ತಳಿಗಳಿಗೆ ಹೆಸರಿಟ್ಟವರು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ರಾಗಿ ತಜ್ಞ ಲಕ್ಷ್ಮಣಯ್ಯ. “ಆ ರಾಗಿ ಬಂದ್ಮೇಲೆ ಹೊಟ್ಟೆ ತುಂಬಾ ಇಟ್ಟು ಉಂಡೊ ಕನವ್ವ” ಎಂದರು ಆಕೆ ನನ್ನ ಅಮ್ಮನಿಗೆ. ಅಮ್ಮ ತಲೆಯಾಡಿಸಿದಳು. ಅವಳಿಗೂ ಆ ಹಸಿವಿನ ವರ್ಷಗಳು ನೆನಪಿವೆ. ನನ್ನೆದುರು ಅವಳು ಅವನ್ನು ಎಂದೂ ಹೇಳಿರಲಿಲ್ಲ.

ಸೊಪ್ಪು ಎಂದರೆ ಬಿತ್ತಿದ ಸೊಪ್ಪಲ್ಲ. ಸಾಲುಗಳ ನಡುವೆ, ಬದುವಿನಲ್ಲಿ ತಾನಾಗಿ ಹುಟ್ಟಿದ್ದು: ಅಣ್ಣೆ ಸೊಪ್ಪು, ಗಣಿಕೆ, ಹೊನಗೊನೆ, ಕಿರಕೀರೆ, ಎಳೆಯ ಅಲಸಂದೆ ಕುಡಿ. ಎಲ್ಲ ಕೂಡಿ ಬೆರಕೆ ಸೊಪ್ಪು. ಅಮ್ಮ ಒಂದೊಂದನ್ನೇ ಕಿತ್ತು ಮೂಸಿ ಹೆಸರು ಹೇಳುತ್ತಿದ್ದಳು. ಒಂದೆರಡಕ್ಕೆ ಆಕೆಯ ಹೆಸರೇ ಬೇರೆ, ಈಕೆಯ ಹೆಸರೇ ಬೇರೆ. ಯಾವುದಕ್ಕೆ ಯಾವ ಹೆಸರು ಎಂದು ಇಬ್ಬರೂ ಹೊಲದ ನಡುವೆ ಅರ್ಧ ಗಂಟೆ ನಿಂತರು. ಐವತ್ತು ವರ್ಷದಿಂದ ಉಪಯೋಗಕ್ಕೆ ಬಾರದೆ ಬಿದ್ದಿದ್ದ ಒಂದು ವಿದ್ಯೆ ಅಮ್ಮನ ಬೆರಳಿನಲ್ಲಿ ಹಾಗೇ ಇತ್ತು. ಈ ಪ್ರವಾಸದಲ್ಲಿ ನಾನು ಕಂಡ ಅತಿ ದೊಡ್ಡ ನೋಟ ಇದೇ. ಕಳೆನಾಶಕ ಹೊಡೆದ ಹೊಲದಲ್ಲಿ ಈ ಸೊಪ್ಪು ಹುಟ್ಟುವುದಿಲ್ಲ, ಹುಟ್ಟಿದರೂ ಕೊಯ್ಯುವಂತಿಲ್ಲ. ಆಚೆ ಹೊಲದಲ್ಲಿ ಹೊಡೆದಿದ್ದರು, ಆ ಬದುವಿನ ಕಡೆಗೆ ಹೋಗಬೇಡಿ ಎಂದು ಮಗಳಿಗೆ ಎಚ್ಚರಿಕೆಯೂ ಸಿಕ್ಕಿತು.

ಮಧ್ಯಾಹ್ನ ಮುದ್ದೆ, ಬೆರಕೆ ಸೊಪ್ಪಿನ ಉಪ್ಸಾರು. ಬೇಳೆಯೊಂದಿಗೆ ಬೆಂದ ಸೊಪ್ಪಿನ ಕಟ್ಟು ಬಸಿದು ಸಾರಾಗುತ್ತದೆ, ಸೊಪ್ಪು ಪಲ್ಯವಾಗುತ್ತದೆ, ಹಸಿಮೆಣಸು, ಬೆಳ್ಳುಳ್ಳಿ, ಹುಣಸೆ ಅರೆದ ಖಾರ ಪಕ್ಕಕ್ಕೆ. ಉಣ್ಣುವವರು ತಮಗೆ ಬೇಕಾದಷ್ಟು ಖಾರವನ್ನು ಕಟ್ಟಿಗೆ ಕದಡಿಕೊಳ್ಳಬೇಕು. ಮಗ ಮುದ್ದೆಯನ್ನು ಅಗಿಯಲು ನೋಡಿದ. “ಅಗೀಬ್ಯಾಡ ಮೊಗ, ನುಂಗು” ಎಂದರು ಅಜ್ಜಿ. ಎರಡನೆಯ ದಿನಕ್ಕೆ ಕಲಿತ.

ಅಡುಗೆ ಮಾಡುತ್ತಿದ್ದವರು ಯಜಮಾನರ ಹೆಂಡತಿ. ನಸುಕಿಗೆ ಎದ್ದು ಹಾಲು ಕರೆದು ಡೇರಿಗೆ ಹಾಕಿ ಬಂದು, ಮನೆಯವರಿಗೂ ಆಳುಗಳಿಗೂ ಬೇಯಿಸಿ, ಅದರ ಮೇಲೆ ನಾವು ಐದು ಹೊಟ್ಟೆ. ಅತಿಥಿಗಳಿಗೆ ಬೇರೆ ಅಡುಗೆ ಇಲ್ಲ, ಮನೆಯವರು ಉಣ್ಣುವುದೇ ನಿಮಗೂ ಎಂಬ ನಿಯಮ ಅವರದೇ. ಕೋಣೆ ಕೊಡತೊಡಗಿದ ಮೊದಲ ವರ್ಷ ಯಾರೋ ನೂಡಲ್ಸ್ ಕೇಳಿ, ಯಾರೋ ರಾತ್ರಿ ಹನ್ನೊಂದಕ್ಕೆ ಚಹಾ ಕೇಳಿ ಸುಸ್ತಾಗಿ ಈ ನಿಯಮ ಮಾಡಿದರಂತೆ. ಹಳ್ಳಿ ವಾಸ್ತವ್ಯದ ಬಗ್ಗೆ ಬರೆಯುವವರು ಎಲೆ ತುಂಬಿದ ಊಟದ ಚಿತ್ರ ಹಾಕುತ್ತಾರೆ. ಎಲೆ ತುಂಬಿಸಿದ ಕೈಗಳ ದುಡಿಮೆಯ ಗಂಟೆಗಳನ್ನು ಯಾರೂ ಎಣಿಸುವುದಿಲ್ಲ. ನನ್ನ ಹೆಂಡತಿ ಎಣಿಸಿದಳು. ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೆ ಆಕೆ ಕೂತದ್ದನ್ನು ನಾವು ಎರಡು ಸಲ ನೋಡಿದೆವು.

ಎರಡನೆಯ ದಿನ ನೀರಿನ ಕತೆ. ಕೊಳವೆಬಾವಿಯ ಮೋಟಾರು ಓಡುವುದು ಕರೆಂಟ್ ಕೊಟ್ಟಾಗ ಮಾತ್ರ. ಮೂರು ಫೇಸ್ ಬಂದದ್ದೇ ಯಜಮಾನರು ಊಟದ ತಟ್ಟೆ ಬಿಟ್ಟು ಎದ್ದರು. ಅರಿಶಿನಕ್ಕೆ ನೀರು ತಿರುಗಿಸಬೇಕಿತ್ತು. ಮಕ್ಕಳೂ ಓಡಿದರು. ಗುದ್ದಲಿಯಿಂದ ಒಂದು ಮಡಿಯ ಬಾಯಿ ಮುಚ್ಚಿ ಇನ್ನೊಂದರ ಬಾಯಿ ತೆರೆಯುವುದನ್ನು ಮಗ ತನ್ನ ಕೆಲಸ ಮಾಡಿಕೊಂಡ. ಅರಿಶಿನ ಮೇ–ಜೂನ್‌ನಲ್ಲಿ ನಾಟಿಯಾದರೆ ಕೀಳುವುದು ಜನವರಿಯ ಮೇಲೆ. ಕಿತ್ತ ಮೇಲೆ ಬೇಯಿಸಿ, ಒಣಗಿಸಿ, ಉಜ್ಜಿ ಹೊಳಪು ಕೊಟ್ಟು, ಬಹುಪಾಲು ತಮಿಳುನಾಡಿನ ಈರೋಡಿಗೆ ಹೋಗುತ್ತದೆ. ಅಷ್ಟು ತಿಂಗಳು ನೀರು ಕೇಳುವ ಬೆಳೆಯನ್ನು ಕೊಳವೆಬಾವಿ ನಂಬಿ ಇಡುವುದು ಎದೆಗಾರಿಕೆಯ ಕೆಲಸ. ಇವರ ಜಮೀನಿನಲ್ಲಿ ಮೂರು ಕೊರೆಸಿ, ಒಂದರಲ್ಲಿ ನೀರಿದೆ.

ನೀರಿನ ಮಾತು ಬಂದಾಗ ಅಜ್ಜಿ ಹೇಳಿದ ಹೆಸರು ನಜೀರ್ ಸಾಬ್. ಅಬ್ದುಲ್ ನಜೀರ್ ಸಾಬ್ ಗುಂಡ್ಲುಪೇಟೆಯವರು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ, ಪಂಚಾಯತ್ ರಾಜ್ ಸಚಿವರಾಗಿ ರಾಜ್ಯದ ಹಳ್ಳಿಹಳ್ಳಿಗೆ ಕುಡಿಯುವ ನೀರಿನ ಕೊಳವೆಬಾವಿ ಕೊರೆಸಿ, ಜನರಿಂದಲೇ ‘ನೀರ್ ಸಾಬ್’ ಎಂಬ ಬಿರುದು ಪಡೆದವರು. ತೀರಿಕೊಂಡದ್ದು 1988ರಲ್ಲಿ. ಆಳುವವರನ್ನು ನೀರಿನಿಂದ ನೆನೆಯುವುದಕ್ಕಿಂತ ದೊಡ್ಡ ಗೌರವ ಈ ಬಯಲುಸೀಮೆಯಲ್ಲಿ ಇಲ್ಲ. ಆಗ ಕೈಪಂಪಿಗೆ ಸಿಗುತ್ತಿದ್ದ ನೀರು ಈಗ ಎಷ್ಟೋ ಆಳಕ್ಕೆ ಇಳಿದಿದೆ. ಮಗಳು ಆ ಸಂಜೆ ಬಕೆಟ್‌ನಲ್ಲಿ ಅರ್ಧವೇ ನೀರು ಹಿಡಿದು ಸ್ನಾನ ಮಾಡಿದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಕೊಟ್ಟಿಗೆಯ ಹಿಂದೆ ತಿಪ್ಪೆ. ಈ ಸೀಮೆಯ ತಿಪ್ಪೆಗೆ ಒಂದು ಅಂತರರಾಷ್ಟ್ರೀಯ ಇತಿಹಾಸವಿದೆ ಎಂದರೆ ನಂಬುವುದು ಕಷ್ಟ. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಹಿಂದೆ ಹಾಲಿಗಿಂತ ಸಗಣಿಗೆಂದೇ ದನಗಳ ಮಂದೆ ಸಾಕುತ್ತಿದ್ದರು. ದನ ಹಗಲೆಲ್ಲ ಕಾಡಿನಲ್ಲಿ ಮೇಯ್ದು ಬಂದು ರಾತ್ರಿ ಕೊಟ್ಟಿಗೆಯಲ್ಲಿ ಗೊಬ್ಬರ ಬಿಡುತ್ತಿತ್ತು. ಆ ಗೊಬ್ಬರ ಮೊದಲು ಸ್ವಂತ ಹೊಲಕ್ಕೆ ಹೋಗುತ್ತಿತ್ತು, ಆಮೇಲೆ ಲಾರಿ ಹತ್ತಿ ಕಾಫಿ ತೋಟಗಳಿಗೆ ಹೋಗತೊಡಗಿತು. ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿಗೆ ಬೆಲೆ ಏರಿದಾಗ ತೋಟದವರು ಗೊಬ್ಬರಕ್ಕೆ ಹೆಚ್ಚು ಕೊಟ್ಟರು. ಹಳ್ಳಿಯಲ್ಲಿ ದನ ಹೆಚ್ಚಿದವು. ಬಂಡೀಪುರದ ಹುಲ್ಲಿನ ಮೇಲೆ ಒತ್ತಡ ಹೆಚ್ಚಿತು. ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೊಂಡಿಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ತೋರಿಸಿತು. ದೂರದ ದೇಶದಲ್ಲಿ ಯಾರೋ ಕುಡಿದ ಕಾಫಿಯ ಬೆಲೆ, ಹಂಗಳದ ಕಡೆಯ ಜಿಂಕೆಯ ಪಾಲಿನ ಹುಲ್ಲಿಗೆ ತಾಗುತ್ತದೆ. ಯಜಮಾನರಿಗೆ ಇದು ಹೊಸತೇನಲ್ಲ. ಅವರ ತಂದೆಗೆ ಮೂವತ್ತು ದನ ಇದ್ದವಂತೆ. ಈಗ ಇವರಿಗಿರುವುದು ಎರಡು ಸೀಮೆಹಸು. ಗೊಬ್ಬರ ಪೂರ್ತಿ ಅರಿಶಿನಕ್ಕೆ.

ರಾತ್ರಿ ಬೇರೆಯೇ. ಕತ್ತಲಾದ ಮೇಲೆ ಅಂಗಳ ದಾಟಬಾರದು, ಹಾಡು ಹಾಕಬಾರದು, ಬೆಂಕಿ ಹಾಕಿಕೊಂಡು ಕೂರುವ ಕಾರ್ಯಕ್ರಮ ಇಲ್ಲವೇ ಇಲ್ಲ. ಇದನ್ನು ಅವರು ಫೋನಿನಲ್ಲೇ ಹೇಳಿದ್ದರು. ಕಾರಣ ಮೊದಲ ರಾತ್ರಿಯೇ ಕಿವಿಗೆ ಬಿತ್ತು. ಹನ್ನೊಂದರ ಸುಮಾರಿಗೆ ದೂರದ ಹೊಲದಿಂದ ಒಬ್ಬರ ಕೂಗು. ಅದಕ್ಕೆ ಮತ್ತೊಂದು ಹೊಲದಿಂದ ಮರುಕೂಗು. ಟಾರ್ಚಿನ ಬೆಳಕು ಅತ್ತಿಂದಿತ್ತ. ಒಂದು ಪಟಾಕಿಯ ಸದ್ದು. ಆನೆ.

ರಾಗಿ ಹಾಲುದುಂಬುವ ಹೊತ್ತಿಗೆ ಆನೆ ಕಾಡಿನಿಂದ ಈಚೆ ಬರುತ್ತದೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಹೆಚ್ಚು. ಬಂಡೀಪುರ ಒಂದರಲ್ಲೇ 1,116. ಕಾಡಿನ ಹುಲ್ಲಿಗಿಂತ ತೆನೆ ರುಚಿ, ಹೊಟ್ಟೆಯೂ ಬೇಗ ತುಂಬುತ್ತದೆ. ಒಂದು ಆನೆ ಒಂದು ರಾತ್ರಿ ಮಾಡುವ ನಷ್ಟ ಒಂದು ಮನೆಯ ವರ್ಷದ ಹಿಟ್ಟು. ಆನೆ ಕಂದಕ, ಸೋಲಾರ್ ಬೇಲಿ, ರೈಲುಕಂಬಿಯ ತಡೆ ಎಲ್ಲ ಇವೆ. ಎಲ್ಲವನ್ನೂ ದಾಟುವುದನ್ನು ಆನೆ ಕಲಿಯುತ್ತಲೂ ಇದೆ. ಹಾಗಾಗಿ ಹುಣಸೆಮರದ ಮೇಲಿನ ಅಟ್ಟಣೆಯಲ್ಲಿ ಸರದಿಯಂತೆ ಕಾವಲು. ಯಜಮಾನರ ಸರದಿ ಎರಡನೆಯ ರಾತ್ರಿ ಇತ್ತು. ಕಂಬಳಿ, ಟಾರ್ಚು, ಒಂದು ಫ್ಲಾಸ್ಕು ಚಹಾ ಹಿಡಿದು ಒಂಬತ್ತಕ್ಕೆ ಹೊರಟವರು ಬೆಳಿಗ್ಗೆ ಬಂದು ಮುಖ ತೊಳೆದು, ನಮಗೆ ದೋಸೆ ಬಡಿಸಲು ಹೆಂಡತಿಗೆ ನೆರವಾಗಿ, ಈರುಳ್ಳಿ ಮೂಟೆ ಹೊಲಿಯಲು ಕೂತರು. ಮಗ ಕೇಳಿದ: “ಆನೆ ಕಂಡ್ರೆ ನಿಮಗೆ ಸಿಟ್ಟು ಬರಲ್ವಾ?” ಅವರು ದಬ್ಬಳ ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದರು. “ಬತ್ತದ. ಆದ್ರ ಅದ್ಕೂ ಹೊಟ್ಟೆ ಅದಲ್ಲ ಮೊಗ.” ಬೆಳೆ ಕಳೆದುಕೊಳ್ಳುವವರ ಬಾಯಲ್ಲಿ ಈ ಮಾತು ಬರುತ್ತದೆ ಎಂಬುದಕ್ಕೇ ಈ ಕಾಡು ಉಳಿದಿದೆ ಎಂದು ನಾನು ನಂಬುತ್ತೇನೆ. ಅಂಥವರಿಗೆ ಪರಿಹಾರದ ಹಣ ತಡವಾಗುವುದು ದೊಡ್ಡ ಅನ್ಯಾಯ.

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ಹೋಗಿ ಬಂದೆವು. 1,454 ಮೀಟರ್ ಎತ್ತರ, ಸ್ವಂತ ವಾಹನಕ್ಕೆ ತಡೆ, ತಪ್ಪಲಿನಿಂದ ಸಾರಿಗೆ ಬಸ್ಸು. ಮೈಸೂರು ಮಹಾರಾಜರು 1931ರಲ್ಲಿ ಇಲ್ಲಿ ಸ್ಥಾಪಿಸಿದ ವನ್ಯಧಾಮಕ್ಕೆ ಈ ಬೆಟ್ಟದ ವೇಣುಗೋಪಾಲನದೇ ಹೆಸರು. ಅದೇ ಬೆಳೆದು 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಧಾಮಗಳಲ್ಲಿ ಒಂದಾದ ಬಂಡೀಪುರವಾಯಿತು. ಮಂಜಿನಲ್ಲಿ ಏನೂ ಕಾಣಲಿಲ್ಲ. ಆಮೇಲೆ ಮಂಜು ಸರಿದಾಗ ಕೆಳಗೆ ಕಾಡು ಎಲ್ಲಿ ಮುಗಿದು ಹೊಲ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ನಿಚ್ಚಳವಾಗಿ ಕಂಡಿತು. ಆ ಗೆರೆಯ ಮೇಲೆಯೇ ನಮ್ಮ ಮನೆ ಎಂದ ಮಗ. ನಮ್ಮ ಮನೆ!

ಮೂರನೆಯ ದಿನ ಚಾಮರಾಜನಗರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಅರಿಕುಠಾರ ಎಂಬ ಊರಿಗೆ ಅವರ ಹೆಸರಿಟ್ಟು, 1826ರಲ್ಲಿ ಕಟ್ಟಿಸಿದ ಚಾಮರಾಜೇಶ್ವರ ದೇವಸ್ಥಾನ ಅಮ್ಮನಿಗೆ ನೋಡಬೇಕಿತ್ತು. ಆಷಾಢದಲ್ಲಿ ಹೊಸ ಸೊಸೆ ತವರಿನಲ್ಲಿರಬೇಕು, ಗಂಡಹೆಂಡಿರು ಬೇರೆಬೇರೆ ಇರಬೇಕು ಎಂಬುದು ನಾಡಿನ ರೂಢಿ. ಈ ದೇವರ ತೇರು ನಡೆಯುವುದು ಆಷಾಢದಲ್ಲೇ, ಅದಕ್ಕೆ ಬರುವವರು ನವದಂಪತಿಗಳೇ. ಜೊತೆಯಾಗಿ ನಿಂತು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು, ಹೊಸ ತೇರು 2022ರಲ್ಲಿ ಹೊರಡುವವರೆಗೆ ಊರು ಕಾಯಿತು. ಯಜಮಾನರ ತಾಯಿ ಮದುವೆಯಾದ ವರ್ಷ ಗಂಡನನ್ನು ಆ ತಿಂಗಳಲ್ಲಿ ಕಂಡದ್ದು ತೇರಿನ ಗುಂಪಿನಲ್ಲೇ ಅಂತೆ. ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಲ್ಲಿಂದ ಬಿಳಿಗಿರಿರಂಗನ ಬೆಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಹೊಂಡರಬಾಳು. ರೈತ ಸಂಘದ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕನಸಿನ ‘ಅಮೃತಭೂಮಿ’ ಇರುವುದು ಅಲ್ಲಿ. 2004ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಸಂಗಾತಿಗಳು, ಮಗಳು ಚುಕ್ಕಿ ನಂಜುಂಡಸ್ವಾಮಿ ಅದನ್ನು ಬೆಳೆಸಿದರು. ಜಗತ್ತಿನ ರೈತ ಸಂಘಟನೆಗಳ ಒಕ್ಕೂಟವಾದ ಲಾ ವಿಯಾ ಕಂಪೆಸಿನಾದ ಬಳಗಕ್ಕೆ ಸೇರಿದ ಈ ಜಾಗದಲ್ಲಿ ನಾಟಿ ಬೀಜಗಳ ಸಂರಕ್ಷಣೆ, ಸಹಜ ಕೃಷಿಯ ತರಬೇತಿ ನಡೆಯುತ್ತವೆ. ಇಲ್ಲಿಯೂ ಜನ ಬಂದು ಉಳಿದುಕೊಳ್ಳುತ್ತಾರೆ, ರಜೆಗೆ ಅಲ್ಲ, ಕಲಿಯಲು. ಈ ಎರಡರ ನಡುವೆ ಗೋಡೆ ಇರಬೇಕಾಗಿಲ್ಲ ಎಂಬುದು ನನ್ನ ಅನಿಸಿಕೆ. ರಜೆಗೆ ಬಂದ ಕುಟುಂಬವೂ ಕಲಿಯಬಲ್ಲದು, ಹೊಲ ಹೊಲವಾಗಿಯೇ ಉಳಿದಿದ್ದರೆ.

ಆ ‘ಉಳಿದಿದ್ದರೆ’ ಎಂಬುದರ ಮೇಲೆ ಎಲ್ಲ ನಿಂತಿದೆ. ಇಟಲಿ 1985ರಲ್ಲೇ ಇದಕ್ಕೊಂದು ಕಾನೂನು ಮಾಡಿತು: ರೈತ ಅತಿಥಿಗಳನ್ನು ಇಟ್ಟುಕೊಳ್ಳಬಹುದು, ಆದರೆ ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಆತಿಥ್ಯ ಅದಕ್ಕೆ ಪೂರಕ ಮಾತ್ರ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ ಪಾಂಡುರಂಗ ತಾವರೆ 2005ರಲ್ಲಿ ಬಾರಾಮತಿ ಕಡೆ ಕೃಷಿ ಪ್ರವಾಸೋದ್ಯಮ ಶುರುಮಾಡಿದರು. ಆ ರಾಜ್ಯ 2020ರಲ್ಲಿ ಅದಕ್ಕೊಂದು ಪ್ರತ್ಯೇಕ ನೀತಿಯನ್ನೇ ತಂದಿತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಮಾರ್ಗಸೂಚಿ ಹೇಳುವುದು ಮನೆಯ ಮಾತನ್ನು: ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು, ಬಾಡಿಗೆಗೆ ಹೆಚ್ಚೆಂದರೆ 6 ಕೋಣೆ. ಹೊಲದ ಮಾತು ಅದರಲ್ಲಿಲ್ಲ. ಬಂಡೀಪುರದ ಸುತ್ತ 2012ರಲ್ಲಿ ಪರಿಸರ ಸೂಕ್ಷ್ಮ ವಲಯ ಘೋಷಣೆಯಾದ ಮೇಲೆ ಹೊಸ ಕಟ್ಟಡಗಳಿಗೆ ಕಟ್ಟುಪಾಡುಗಳಿವೆ. ಆದರೂ ಅನುಮತಿಯಿಲ್ಲದೆ ನಡೆಯುವ ವಸತಿಗಳ ಸುದ್ದಿ ಆಗಾಗ ಬರುತ್ತದೆ. ಕೋಣೆ ಕಾಯ್ದಿರಿಸುವ ಮೊದಲು ನೋಂದಣಿ ಇದೆಯೇ, ಮಾಲೀಕರು ಅಲ್ಲೇ ಇರುತ್ತಾರೆಯೇ, ಹೊಲದಲ್ಲಿ ಈಗ ಯಾವ ಬೆಳೆ ಇದೆ ಎಂದು ಕೇಳಿ. ಮೂರನೆಯದಕ್ಕೆ ತಡವರಿಸದೆ ಉತ್ತರ ಬಂದರೆ ಹೊರಡಿ.

ಅತಿಥಿಗಳಿಂದ ಬರುವ ಹಣದ ಬಗ್ಗೆ ಯಜಮಾನರನ್ನು ಕೇಳಿದೆ. ಈರುಳ್ಳಿ ಬೆಲೆ ಬಿದ್ದ ವರ್ಷ ಅದೇ ಕೈ ಹಿಡಿಯಿತು, ಮಗಳ ಕಾಲೇಜಿನ ಶುಲ್ಕ ಅದರಿಂದಲೇ ಕಟ್ಟಿದ್ದು ಎಂದರು. ಹಾಗಿದ್ದರೆ ಇನ್ನೂ ನಾಲ್ಕು ಕೋಣೆ ಕಟ್ಟಿಸಬಹುದಲ್ಲ ಎಂದೆ. ಪಟ್ಟಣದಿಂದ ಕೆಲವರು ಬಂದು ಪಾಲುದಾರಿಕೆಯ ಮಾತನ್ನೂ ಆಡಿಹೋಗಿದ್ದಾರಂತೆ. ಅವರು ಕೈಯಲ್ಲಿದ್ದ ಈರುಳ್ಳಿಯ ಒಣಸಿಪ್ಪೆ ತಿಕ್ಕಿ ತೆಗೆಯುತ್ತ ಹೇಳಿದರು: “ಆರಂಬ ಬುಟ್ಟು ಬರೀ ರೂಮ್ ಕಟ್ಟುದ್ರ ನೀವ್ ಯಾಕ್ ಬಂದಿರಿ ಸಾ ಇಲ್ಲಿಗ? ರೂಮು ಮೈಸೂರಲ್ಲೂ ಅವಲ್ಲ.”

ಹೊರಡುವ ಬೆಳಿಗ್ಗೆ ಸೂರ್ಯಕಾಂತಿ ಕೊಯ್ದ ಹೊಲದ ದಾರಿಯಲ್ಲಿ ನಡೆದೆವು. ಕಡ್ಡಿಗಳನ್ನು ಉತ್ತು ಮಣ್ಣಿಗೆ ಸೇರಿಸಿ ಹುರುಳಿ ಚೆಲ್ಲಿದ್ದರು. ಎರಡೆರಡು ಎಲೆ ಬಿಟ್ಟ ಸಸಿ, ಇಬ್ಬನಿ ಹೊತ್ತು ನಿಂತಿತ್ತು. ಹುರುಳಿಗೆ ಹೆಚ್ಚು ಮಳೆ ಬೇಡ. ಈ ಮಳೆಯ ತೇವ, ಮುಂದಿನ ಚಳಿಯ ಇಬ್ಬನಿ ಸಾಕು. ಇದು ಯಾವಾಗ ಕೊಯ್ಲಿಗೆ ಬರುತ್ತದೆ ಎಂದು ಮಗಳು ಕೇಳಿದಳು. ಕೊಯ್ಯುವುದಲ್ಲ, ಬುಡಸಮೇತ ಕೀಳುವುದು ಎಂದು ತಿದ್ದಿದರು ಅವರು. ಅದೂ ಬಿಸಿಲೇರುವ ಮೊದಲು, ಇಬ್ಬನಿಯಲ್ಲಿ ಕಾಯಿ ಮೆತ್ತಗಿರುವಾಗ. ತಡವಾದರೆ ಕಾಯಿ ಸಿಡಿದು ಕಾಳು ನೆಲಕ್ಕೆ.

“ಸಂಕ್ರಾಂತಿ ಇನ್ನ ಮುಂದದ ಅನ್ನುವಾಗ ಬನ್ನಿ ಕೂಸು. ಆಳು ಸಿಕ್ಕಲ್ಲ ಆಗ. ಬೆಳಿಗ್ಗೆ ಐದಕ್ಕೆ ಎದ್ದೀಯಾ?”

ಏಳುತ್ತೇನೆ ಎಂದಳು. ಕಾರಿನಲ್ಲಿ ಕೂತ ಮೇಲೆ ಜನವರಿಯ ಶನಿವಾರಗಳು ಯಾವ ತಾರೀಕಿಗೆ ಬೀಳುತ್ತವೆ ಎಂದು ನನ್ನ ಫೋನು ಕೇಳಿ ಪಡೆದು ನೋಡತೊಡಗಿದಳು.